ಮೋಟಾರ್ ಬದಲಾಯಿಸೋ ಮುಂಚೆ ಸಂಪು ನೋಡು: ನನ್ನ ಗೇಮಿಂಗ್ ಪಿಸಿ ಅಪ್‌ಗ್ರೇಡ್ ಕಥೆ

ಗೇಮಿನಲ್ಲಿ ಎದುರಿಗೆ ಸ್ಮೋಕ್ ಬಿತ್ತು, ಸ್ಕ್ರೀನ್ ನಿಂತಿತು. ಒಂದು ಸೆಕೆಂಡ್ ಕೂಡ ಇಲ್ಲ, ಅರ್ಧ ಇರಬಹುದು. ಚಿತ್ರ ಮತ್ತೆ ಅಲುಗಾಡುವಷ್ಟರಲ್ಲಿ ನಾನು ಸತ್ತಿದ್ದೆ. ಹೆಡ್‌ಫೋನಿನಲ್ಲಿ ತಮ್ಮ ಕೂಗುತ್ತಿದ್ದ: "ಅಕ್ಕಾ, ಎದುರಿಗೇ ಇದ್ನಲ್ಲೇ, ನಿದ್ದೆ ಹೊಡೀತಿದ್ಯಾ?"

ತಮ್ಮ ಇರುವುದು ಮೈಸೂರಿನಲ್ಲಿ. ನಾನು ಅಪ್ಪ ಅಮ್ಮನ ಜೊತೆ ಬೆಂಗಳೂರಿನ ವಿಜಯನಗರದಲ್ಲಿ. ರಾತ್ರಿ ಊಟ ಆದ ಮೇಲೆ ಇಬ್ಬರೂ ಎರಡು ಮ್ಯಾಚ್ ಆಡಿ ಮಲಗುವುದು ಹಲವು ವರ್ಷದ ಅಭ್ಯಾಸ. ಬೇರೆ ಮನೆಗಳಲ್ಲಿ ಅಕ್ಕ ತಮ್ಮ ಫೋನ್ ಮಾಡಿ ಮಾತಾಡುತ್ತಾರೆ, ನಾವು ಬೈದುಕೊಂಡು ಆಡುತ್ತೇವೆ, ಅಷ್ಟೇ.

ನಾವು ಆಡುವುದು ಕೌಂಟರ್-ಸ್ಟ್ರೈಕ್ ಅನ್ನುವ ಗುಂಡು ಹೊಡೆಯುವ ಆಟ. ಅದರ ಹಳೇ ಸಿಎಸ್:ಗೋ ಇರುವವರೆಗೂ ಎಲ್ಲಾ ಚೆನ್ನಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಕೌಂಟರ್-ಸ್ಟ್ರೈಕ್ 2 ಬಂತು. ಹಳೆಯದರಲ್ಲಿ ಸ್ಮೋಕ್ ಗ್ರೆನೇಡಿನ ಹೊಗೆ ಅಂದರೆ ಹೆಚ್ಚುಕಮ್ಮಿ ಒಂದು ಚಿತ್ರ ಎದುರಿಗೆ ತೂಗುಹಾಕಿದ ಹಾಗೆ. ಹೊಸದರಲ್ಲಿ ಹೊಗೆ ಜಾಗ ತುಂಬುತ್ತದೆ, ಗುಂಡು ಹೊಡೆದರೆ ತೂತು ಬೀಳುತ್ತದೆ, ಗ್ರೆನೇಡ್ ಸಿಡಿದರೆ ಅತ್ತಿತ್ತ ಸರಿಯುತ್ತದೆ. ನೋಡೋಕೇನೋ ಚೆಂದ. ಅದನ್ನು ಲೆಕ್ಕ ಹಾಕಬೇಕಾದ ನನ್ನ ಪಿಸಿಗೆ ಮಾತ್ರ ಏದುಸಿರು.

ಆ ಪಿಸಿ 2018ರ ದೀಪಾವಳಿಗೆ, ಮೊದಲ ಬೋನಸ್ ದುಡ್ಡಿನಲ್ಲಿ ಕಟ್ಟಿಸಿದ್ದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಇವಕ್ಕೆಲ್ಲಾ ಕರೆಂಟ್ ಹಂಚುವ ಡಬ್ಬ, ಎಸ್‌ಎಂಪಿಎಸ್, ಯಾವುದು ಅಂತ ಆಗ ಕೇಳಲೂ ಇಲ್ಲ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದಿತ್ತು, ಖುಷಿಯಾಗಿತ್ತು. ಆ ಖುಷಿಯ ಕಥೆ ಮುಂದೆ ಬರುತ್ತದೆ.

ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೆ ಮುಗೀತು ಅಂತ ನನ್ನ ಲೆಕ್ಕ. ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ಬಾಯಿ ಬಿಟ್ಟೆ. ಅಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವರು. ಕಂಪ್ಯೂಟರ್ ಗೊತ್ತಿಲ್ಲ, ಆದರೆ ಕರೆಂಟಿನಿಂದ ಓಡುವ ಯಾವುದನ್ನೂ ಸುಮ್ನೆ ಬಿಡುವವರಲ್ಲ.

"ನೀರು ಬರ್ತಿಲ್ಲ ಅಂತ ಎಷ್ಟು ಜನ ಮೋಟಾರ್ ಹೊತ್ಕೊಂಡು ನನ್ನ ಹತ್ರ ಬಂದಿದಾರೆ ಗೊತ್ತಾ? ಬಿಚ್ಚಿ ನೋಡಿದ್ರೆ ಮೋಟಾರ್ ಗುಂಡುಕಲ್ಲು ಥರ ಇರೋದು. ಸಂಪಲ್ಲಿ ನೀರಿರಲ್ಲ, ಇಲ್ಲಾ ಫುಟ್‌ವಾಲ್ವ್ ಹೋಗಿರುತ್ತೆ. ಮೊದಲು ಎಲ್ಲಿ ನಿಂತಿದೆ ನೋಡು ಪುಟ್ಟಿ, ಆಮೇಲೆ ದುಡ್ಡು ಸುರಿ."

ನನಗೆ ಸ್ವಲ್ಪ ಉರಿದುಹೋಯಿತು, ನಿಜ. ಆದರೂ ಆವತ್ತೇ ರಾತ್ರಿ ಆಫ್ಟರ್‌ಬರ್ನರ್ ಹಾಕಿಕೊಂಡೆ. ಆಡುವಾಗ ಸ್ಕ್ರೀನಿನ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತಿದೆ ಅನ್ನುವುದು), ಕಾರ್ಡ್ ಎಷ್ಟು ಪರ್ಸೆಂಟ್ ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ತುಂಬಿದೆ ಅಂತೆಲ್ಲಾ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಅದು. ಒಂದು ವಾರ ಗೆಲ್ಲುವ ಯೋಚನೆ ಬಿಟ್ಟು ಬರೀ ಆ ಮೂಲೆಯನ್ನೇ ನೋಡುತ್ತಾ ಆಡಿದೆ. ತಮ್ಮನಿಗೆ ಹೇಳಲಿಲ್ಲ, ಅವನು ಸುಮ್ನೆ ಸೋತ.

ಕಂಡದ್ದು ಇಷ್ಟು. ಮಾಮೂಲಿ ಆಟದಲ್ಲಿ ಕಾರ್ಡ್ 97ರಿಂದ 99 ಪರ್ಸೆಂಟ್. ಅಂದರೆ ಅದರ ಕೈಲಿ ಆಗುವುದೇ ಅಷ್ಟು, ಇದು ಗೊತ್ತಿದ್ದದ್ದೇ. ಆದರೆ ಗಕ್ಕನೆ ನಿಲ್ಲುವ ಆ ಹೊತ್ತಿನಲ್ಲಿ ಕಾರ್ಡ್ 50ಕ್ಕೆ ಇಳಿಯುತ್ತಿತ್ತು. ಕಾರ್ಡಿಗೆ ಸುಸ್ತಾಗಿ ನಿಂತದ್ದಾದರೆ 99ರಲ್ಲೇ ಇರಬೇಕಿತ್ತು ಅಲ್ವಾ? ಅದು ಕೈಕಟ್ಟಿಕೊಂಡು ಯಾರಿಗೋ ಕಾಯುತ್ತಿತ್ತು. ಅದೇ ಹೊತ್ತಿಗೆ ರ‍್ಯಾಮ್ 8ರಲ್ಲಿ 7.7 ತುಂಬಿತ್ತು, ಟಾಸ್ಕ್ ಮ್ಯಾನೇಜರಿನಲ್ಲಿ ಹಾರ್ಡ್ ಡಿಸ್ಕ್ 100 ಪರ್ಸೆಂಟ್. ರ‍್ಯಾಮಿನಲ್ಲಿ ಜಾಗ ಸಾಲದೆ ವಿಂಡೋಸ್ ಸಾಮಾನನ್ನೆಲ್ಲಾ ಆ ತಿರುಗುವ ಡಿಸ್ಕಿಗೆ ಹಾಕುವುದು, ಬೇಕಾದಾಗ ಮತ್ತೆ ಅಲ್ಲಿಂದ ಎಳೆಯುವುದು, ಇದೇ ನಡೆದಿತ್ತು.

ಅಂದರೆ ಇದ್ದದ್ದು ಎರಡು ಕಾಯಿಲೆ. ನಾನು ಒಂದೇ ಅಂದುಕೊಂಡಿದ್ದೆ. ಸರಾಸರಿ ಎಫ್‌ಪಿಎಸ್ 92 ಇತ್ತು, ಅದೇನು ಕೆಟ್ಟದಲ್ಲ. ಆದರೆ ನೂರು ಫ್ರೇಮಿನಲ್ಲಿ ಅತಿ ನಿಧಾನದ್ದನ್ನು ಮಾತ್ರ ಹಿಡಿದು ಲೆಕ್ಕ ಹಾಕುತ್ತಾರೆ, ಒನ್ ಪರ್ಸೆಂಟ್ ಲೋ ಅಂತ. ಅದು 31. ಮಾಮೂಲಿ ಫ್ರೇಮ್ 11 ಮಿಲಿಸೆಕೆಂಡಿಗೆ ಒಂದರಂತೆ ಬರುತ್ತಾ ಇದ್ದು, ನಡುವೆ ಒಂದು 32 ತೆಗೆದುಕೊಂಡರೆ ಕಣ್ಣಿಗೆ ಹೊಡೆಯುತ್ತದೆ. ಬಸ್ಸು ಸರಾಸರಿ 40ರಲ್ಲಿ ಹೋಗುತ್ತಿದೆ ಅನ್ನಬಹುದು, ಹಂಪ್ ಬಂದಾಗ ತಲೆ ಮೇಲಿನ ಕಂಬಿಗೆ ಹೊಡೆದದ್ದು ಸರಾಸರಿಯಲ್ಲಿ ಬರುವುದಿಲ್ಲ.

ಇನ್ನೊಂದು ನಾಚಿಕೆಗೇಡಿನ ವಿಷಯವೂ ಆ ವಾರವೇ ಹೊರಬಂತು. ಪಿಸಿ ಒಳಗೆ ಏನೇನಿದೆ ಅಂತ ತೋರಿಸುವ ಸಿಪಿಯು-ಝಡ್ ತೆರೆದು ನೋಡಿದರೆ ರ‍್ಯಾಮ್ 1066 ಅಂತ ತೋರಿಸುತ್ತಿದೆ. ಅದು ಅರ್ಧ ತೋರಿಸುತ್ತದೆ, ಅಂದರೆ 2133. ಸ್ಟಿಕ್ ಮೇಲೆ ಬರೆದಿರುವುದು 2666. ಬಯೋಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಒಳಗೆ ಎಕ್ಸ್‌ಎಂಪಿ ಅನ್ನುವುದನ್ನು ಆನ್ ಮಾಡದಿದ್ದರೆ ರ‍್ಯಾಮ್ ಹುಷಾರಾಗಿ ಕೆಳಗಿನ ಸ್ಪೀಡಿನಲ್ಲೇ ಓಡುತ್ತದೆ. ಕಟ್ಟಿಕೊಟ್ಟವರು ಆನ್ ಮಾಡಿರಲಿಲ್ಲ, ನಾನೂ ನೋಡಿರಲಿಲ್ಲ, ಹೀಗೆ ಆರು ವರ್ಷ ಕಳೆದಿತ್ತು. ರೈಜನ್‌ನಲ್ಲಿ ಇದರ ಪೆಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಪ್ರೊಸೆಸರ್ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡುವ ದಾರಿಯ ವೇಗವೂ ರ‍್ಯಾಮ್ ವೇಗಕ್ಕೇ ಕಟ್ಟಿಕೊಂಡಿದೆ. ಆನ್ ಮಾಡಿದೆ. ಒನ್ ಪರ್ಸೆಂಟ್ ಲೋ 31 ಇದ್ದದ್ದು 35 ಆಯಿತು. ಒಂದು ರೂಪಾಯಿ ಖರ್ಚಿಲ್ಲ.

ಹಾಗಾಗಿ ಮೊದಲು ತರಿಸಿದ್ದು ಕಾರ್ಡ್ ಅಲ್ಲ. 8 ಜಿಬಿಯ ಎರಡು ಸ್ಟಿಕ್ ಇರುವ 3200ರ ರ‍್ಯಾಮ್ ಜೋಡಿ, 3,600 ರೂಪಾಯಿ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, 5,400. ಒಂದೇ 16 ಜಿಬಿ ಸ್ಟಿಕ್ ಬದಲು ಎರಡು 8 ತಂದದ್ದು ಬೇಕಂತಲೇ. ಎರಡಿದ್ದರೆ ಪ್ರೊಸೆಸರಿಗೆ ಎರಡು ಬಾಗಿಲಿನಿಂದ ಸಾಮಾನು ಬರುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಪಕ್ಕಪಕ್ಕದಲ್ಲಿ ಹಾಕಿದರೆ ಒಂದೇ ಬಾಗಿಲು.

ಎಸ್‌ಎಸ್‌ಡಿ ಬಬಲ್‌ಗಮ್ ಪಟ್ಟಿಯಷ್ಟೇ ಇದೆ. ಬೋರ್ಡಿಗೆ ಓರೆಯಾಗಿ ತೂರಿಸಿ, ಒತ್ತಿ, ತುದಿಗೆ ಒಂದು ಸಣ್ಣ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಬರುವುದು ಮದರ್‌ಬೋರ್ಡ್ ಬಾಕ್ಸಿನಲ್ಲಿ. ಮದರ್‌ಬೋರ್ಡ್ ಬಾಕ್ಸನ್ನು ಅಮ್ಮ ಹಳೇ ಪೇಪರಿನವನಿಗೆ ಯಾವಾಗಲೋ ಹಾಕಿದ್ದರು. "ಖಾಲಿ ಡಬ್ಬ ಕಣೇ ಅದು" ಅಂದರು. ಅಪ್ಪನ ಹಾರ್ಲಿಕ್ಸ್ ಬಾಟಲಿಯಲ್ಲಿ ಪ್ರಪಂಚದ ಎಲ್ಲಾ ಸ್ಕ್ರೂ ಇತ್ತು, ಇದೊಂದು ಬಿಟ್ಟು. ಕೊನೆಗೆ ಮೇನ್ ರೋಡಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಹುಡುಗ ಒಂದು ಡಬ್ಬಿಯನ್ನು ಮ್ಯಾಟ್ ಮೇಲೆ ಸುರುವಿ, ಬೆರಳ ತುದಿಗೆ ಅಂಟಿಸಿಕೊಂಡು ಕೊಟ್ಟ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ದುಡ್ಡು ಬೇಡ ಅಂದ.

ವಿಂಡೋಸನ್ನು ಹಳೇ ಡಿಸ್ಕಿನಿಂದ ನಕಲು ಮಾಡದೆ ಹೊಸದಾಗೇ ಹಾಕಿದೆ, ಆರು ವರ್ಷದ ಕಸ ಯಾಕೆ ಹೊರಬೇಕು ಅಂತ. ಮ್ಯಾಪ್ ಲೋಡ್ ಆಗೋಕೆ ಮುಂಚೆ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ, ಈಗ ಲೋಟ ಎತ್ತುವಷ್ಟರಲ್ಲಿ ಒಳಗಿದ್ದೆ. ಸರಾಸರಿ 92 ಇದ್ದದ್ದು 98, ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಆ 35 ಇದ್ದದ್ದು 58. ಸ್ಮೋಕ್ ಬಿತ್ತು, ಸ್ಕ್ರೀನ್ ನಿಲ್ಲಲಿಲ್ಲ.

9,000 ರೂಪಾಯಿಗೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಬರೀ ಕೌಂಟರ್-ಸ್ಟ್ರೈಕ್ ಆಡುವವರಿಗೆ ನಾನು ಇಷ್ಟೇ ಸಾಕು ಅನ್ನುತ್ತೇನೆ. ಆದರೆ ನನಗೆ ಸೈಬರ್‌ಪಂಕ್ 2077 ಅನ್ನುವ ಇನ್ನೊಂದು ಗೇಮಿನ ಚಪಲ ಇತ್ತು. 1050 ಟಿಐನಲ್ಲಿ ಎಲ್ಲಾ ಸೆಟ್ಟಿಂಗ್ ಕೆಳಗಿಳಿಸಿದರೂ 28 ಎಫ್‌ಪಿಎಸ್, ಅದೂ ಮಂಜು ಮುಸುಕಿದ ಹಾಗೆ. ಇಲ್ಲಿ ಸಂಪಿನಲ್ಲಿ ನೀರಿದೆ, ಮೋಟಾರೇ ಚಿಕ್ಕದು. ಅಪ್ಪನೂ ಒಪ್ಪಿದರು.

ಮೊದಲು ಸೆಕೆಂಡ್ ಹ್ಯಾಂಡ್ ನೋಡಿದೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯದವರು ಗ್ರಾಫಿಕ್ಸ್ ಕಾರ್ಡ್‌ಗಳಿಂದ ಮೈನಿಂಗ್ ಮಾಡುವ ಪದ್ಧತಿಯನ್ನೇ ಬಿಟ್ಟರು. ಹಗಲೂ ರಾತ್ರಿ ದುಡಿದ ರಾಶಿ ಕಾರ್ಡ್ ಮಾರ್ಕೆಟ್ಟಿಗೆ ಬಂದವು. ಆರ್‌ಎಕ್ಸ್ 580 ಇದೆ ಅಂತ ಒಬ್ಬರ ಮನೆಗೆ ಹೋದೆ. ಪಾಪ ಟೀ ಎಲ್ಲಾ ಕೊಟ್ಟರು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಹಾಕಿ ನೋಡಿದರೆ ಶೇಡರ್, ಅಂದರೆ ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕ, 2048. ಅಸಲಿ 580ರಲ್ಲಿ 2304 ಇರಬೇಕು. ಇದು ಹೆಸರು ಅದೇ ಇಟ್ಟುಕೊಂಡು ಬಂದ ಕತ್ತರಿಸಿದ ಮಾಡೆಲ್. ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ಮುಖ ಸಪ್ಪಗಾಯಿತು. ಟೀ ಕುಡಿದು ಎದ್ದು ಬಂದೆ.

ಹಾಗಾಗಿ ಎಸ್.ಪಿ. ರೋಡ್. ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಭಾನುವಾರ ಹೋಗಬೇಡಿ, ಮುಕ್ಕಾಲು ಅಂಗಡಿ ಬಾಗಿಲು ಹಾಕಿರುತ್ತದೆ. ಗಾಡಿ ತಗೊಂಡು ಅಂತೂ ಹೋಗಲೇಬೇಡಿ. ನಾನು ಶನಿವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದೆ. ಸಿಸಿಟಿವಿ ಕೇಬಲ್ ಸುರುಳಿ ತುಂಬಿದ ಕೈಗಾಡಿ, ಅದರ ಹಿಂದೆ ಹಾರ್ನ್ ಹೊಡೆಯುವ ಆಟೋ, ನಡುವೆ ತಲೆ ಮೇಲೆ ಮಾನಿಟರ್ ಬಾಕ್ಸ್ ಹೊತ್ತವರು. ಅಂಗಡಿ ಅಂದರೆ ಬೀರುವಿನಷ್ಟು ಜಾಗ, ಒಳಗೆ ನಾಲ್ಕು ಜನ.

"ಹೇಳಿ ಮೇಡಂ, ತಮ್ಮನಿಗಾ, ಮಗನಿಗಾ?"

"ನನಗೆ."

"ಓ, ಆಫೀಸ್ ಕೆಲಸಕ್ಕೆ."

"ಗೇಮ್ ಆಡೋಕೆ."

ಅವರು ಒಂದು ಸಲ ನನ್ನ ಟಿಫನ್ ಬ್ಯಾಗ್ ನೋಡಿ, ಹಿಂದಿನ ಕಪಾಟಿನಿಂದ ಒಂದು ಬಾಕ್ಸ್ ತೆಗೆದರು. "4 ಜಿಬಿ ಕಾರ್ಡ್ ಮೇಡಂ, ಎಲ್ಲಾ ಗೇಮೂ ಓಡುತ್ತೆ." ತಿರುಗಿಸಿ ನೋಡಿದರೆ ಜಿಟಿ 730. 2014ರ ಮಾಡೆಲ್. ಒಳಗಿರುವುದು ಡಿಡಿಆರ್3, ನಿಧಾನದ ಹಳೇ ಮೆಮೊರಿ. ಕೊಟ್ಟಿಗೆ ದೊಡ್ಡದಿದೆ ಅಂತ ಎತ್ತಿಗೆ ಬಲ ಬರುವುದಿಲ್ಲ. ಎಷ್ಟು ಜಿಬಿ ಅನ್ನುವುದು ಕೊಟ್ಟಿಗೆಯ ಅಳತೆ. ನನ್ನ ಹಳೇ ಕಾರ್ಡೇ ಇದನ್ನು ಹೆಗಲ ಮೇಲೆ ಹೊತ್ತುಕೊಂಡು ಓಡುತ್ತದೆ. ನಾನು "ಆರ್‌ಎಕ್ಸ್ 6600 ಇದ್ರೆ ಹೇಳಿ" ಅಂದ ಮೇಲೆ ಮಾತಿನ ಧಾಟಿ ಬದಲಾಯಿತು. ಇರಲಿಲ್ಲ.

ಮೂರನೇ ಅಂಗಡಿಯಲ್ಲಿ ಇತ್ತು. 18,600 ಅಂದರು. ಇದೇನು ಇಷ್ಟು ಕಮ್ಮಿ ಅಂತ ಒಳಗೊಳಗೇ ಕುಣಿದೆ. ಬಿಲ್ ಕೇಳಿದಾಗ "ಪ್ಲಸ್ ಜಿಎಸ್‌ಟಿ" ಅಂತ ಬಂತು. 18 ಪರ್ಸೆಂಟ್ ಸೇರಿಸಿದರೆ 21,948. "ಬಿಲ್ ಬೇಡ ಅಂದ್ರೆ ಹೇಳಿದ ರೇಟಿಗೇ ಕೊಡ್ತೀನಿ ಅಕ್ಕ." ಈಗ ಮೇಡಂ ಹೋಗಿ ಅಕ್ಕ ಆಗಿದ್ದೆ. ಮೂರು ವರ್ಷ ವಾರಂಟಿ ಇರುವ ವಸ್ತುವನ್ನು ಬಿಲ್ ಇಲ್ಲದೆ ತರುವಷ್ಟು ಧೈರ್ಯ ನನಗಿಲ್ಲ, ದಿನಾ ಆಫೀಸಿನಲ್ಲಿ ಅಕೌಂಟ್ಸ್ ನೋಡುವವಳು ನಾನು. ಚೌಕಾಸಿ ಮಾಡಿ 21,500ಕ್ಕೆ ಬಿಲ್ ಸಮೇತ ತಂದೆ.

ಆರ್‌ಎಕ್ಸ್ 6600 ಯಾಕೆ ಅಂದರೆ 8 ಜಿಬಿ ಇದೆ, ಫುಲ್ ಎಚ್‌ಡಿಗೆ ಸಾಕು, ಮುಖ್ಯವಾಗಿ 132 ವ್ಯಾಟ್ ಅಷ್ಟೇ ಕುಡಿಯುತ್ತದೆ. ಒಂದು ಕೊರತೆ ಇದೆ, ಹೇಳಿಬಿಡುತ್ತೇನೆ. ಕಾರ್ಡಿಗೂ ಬೋರ್ಡಿಗೂ ನಡುವೆ ಸಾಮಾನು ಓಡಾಡುವ ದಾರಿ ಪಿಸಿಐಇ, ಅದರ 16 ಲೇನಿನಲ್ಲಿ ಇದು 8 ಮಾತ್ರ ಬಳಸುತ್ತದೆ. ನನ್ನ ಬಿ450 ಹಳೇ ಪಿಸಿಐಇ 3ರ ಬೋರ್ಡ್, ಹಾಗಾಗಿ ಅಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇದೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹೋಗುವ ಮುಂಚೆ ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಅಳೆದಿದ್ದೆ, ಅದು ಹೆಚ್ಚು ಮುಖ್ಯ. ತಂದ ಮೇಲೆ ಹಾರ್ಡ್ ಡಿಸ್ಕ್ ಗೂಡಿಗೆ ತಗುಲಿದರೆ ಏನು ಮಾಡುತ್ತೀರಿ?

ಮನೆಗೆ ಬಂದು ತೆರೆದರೆ, ಕಾರ್ಡಿಗೆ 8 ಪಿನ್ನಿನ ಪವರ್ ಬೇಕು. ಹಳೇ ಕಾರ್ಡ್ 75 ವ್ಯಾಟಿನದು, ಸ್ಲಾಟಿನಿಂದಲೇ ಕುಡಿಯುತ್ತಿತ್ತು. ನನ್ನ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ವೈರೇ ಇಲ್ಲ. ಹಳೇ ಥರದ ಎರಡು 4 ಪಿನ್ ವೈರ್ (ಮೋಲೆಕ್ಸ್) ಸೇರಿಸಿ 8 ಪಿನ್ ಮಾಡುವ 150 ರೂಪಾಯಿಯ ಕನ್ವರ್ಟರ್ ಸಿಗುತ್ತದೆ ಅಂತ ಅಂಗಡಿಯವರು ಆಗಲೇ ಹೇಳಿದ್ದರು. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿದೆ, ಸಾಲಬೇಕಲ್ವಾ ಅಂತ ನಾನು.

ಅಪ್ಪ ಬಿಚ್ಚಿಸಿದರು. ಕೈಯಲ್ಲಿ ಹಿಡಿದು, ಹೂಕೋಸು ತೂಗಿ ನೋಡುವ ಹಾಗೆ ಎರಡು ಸಲ ಮೇಲೆ ಕೆಳಗೆ ಮಾಡಿದರು.

"ಇದರಲ್ಲಿ ತಾಮ್ರಾನೇ ಇಲ್ಲ."

ಆಮೇಲೆ ಕನ್ನಡಕ ಏರಿಸಿ ಪಕ್ಕದ ಸ್ಟಿಕ್ಕರ್ ಓದಿದರು. "ನಿನ್ನ ಕಾರ್ಡೂ ಪ್ರೊಸೆಸರೂ ಓಡೋದು ಎಷ್ಟು ವೋಲ್ಟಲ್ಲಿ?" ಹನ್ನೆರಡು ಅಂದೆ. 12 ವೋಲ್ಟ್ ಸಾಲಿನ ಮುಂದೆ 16 ಆಂಪ್ಸ್ ಅಂತ ಇತ್ತು. ಪೇಪರಿನ ಅಂಚಿನಲ್ಲಿ ಬರೆದರು: 12 ಇಂಟು 16, 192. "ಇದಪ್ಪಾ ನಿನ್ನ 450." ಉಳಿದದ್ದೆಲ್ಲಾ ಈ ಕಾಲದ ಕಂಪ್ಯೂಟರ್ ಹೆಚ್ಚು ಮುಟ್ಟದ 5 ವೋಲ್ಟ್, 3.3 ವೋಲ್ಟ್ ಸಾಲುಗಳಲ್ಲಿ ಹಂಚಿ ಹೋಗಿತ್ತು. ಕಾರ್ಡಿಗೆ 132, ಮುಂದೆ ಹಾಕಬೇಕೆಂದಿದ್ದ ಹೊಸ ಪ್ರೊಸೆಸರಿಗೆ 76ರವರೆಗೆ. ಒಟ್ಟು 208. ಫ್ಯಾನು, ಡಿಸ್ಕು ಇನ್ನೂ ಸೇರಿಸಿಲ್ಲ. ಕನ್ವರ್ಟರ್ ಸಿಕ್ಕಿಸಿದ್ದರೆ ಓಡುತ್ತಿತ್ತು, ಎಷ್ಟು ದಿನ ಅಂತ ಹೇಳೋಕಾಗಲ್ಲ, ಹೋಗುವಾಗ ಯಾರನ್ನೆಲ್ಲಾ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು ಅಂತಲೂ ಹೇಳೋಕಾಗಲ್ಲ.

21,500ರ ಕಾರ್ಡ್ ಒಂದು ವಾರ ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆ ಪಕ್ಕ ಕೂತಿತ್ತು. ಮುಂದಿನ ಶನಿವಾರ ಮತ್ತೆ ಚಿಕ್ಕಪೇಟೆ. 550 ವ್ಯಾಟಿನ, ಕರೆಂಟ್ ಹೆಚ್ಚು ಪೋಲು ಮಾಡುವುದಿಲ್ಲ ಅನ್ನುವ 80 ಪ್ಲಸ್ ಬ್ರಾಂಜ್ ಮುದ್ರೆ ಇರುವ ಎಸ್‌ಎಂಪಿಎಸ್, 4,600 ರೂಪಾಯಿ. ಅಂಗಡಿಯಲ್ಲಿ ನಿಂತು ನಾನೇ ಸ್ಟಿಕ್ಕರ್ ಓದಿದೆ: 12 ವೋಲ್ಟಿನಲ್ಲಿ 45 ಆಂಪ್ಸ್, 540 ವ್ಯಾಟ್. ಮೆಟ್ರೋದಲ್ಲಿ ತೊಡೆ ಮೇಲೆ ಇಟ್ಟುಕೊಂಡರೆ ಭಾರಕ್ಕೆ ಕಾಲು ಜೋಮು ಹಿಡಿಯಿತು, ಒಳ್ಳೇ ಲಕ್ಷಣ ಅಂದುಕೊಂಡೆ.

ಕಾರ್ಡ್ ಹಾಕುವುದು ಹತ್ತು ನಿಮಿಷದ ಕೆಲಸ. ಕಾರ್ಡಿನ ಕಂಪನಿ ಬದಲಾಗಿದ್ದರಿಂದ ಹಳೇ ಕಾರ್ಡ್ ಓಡಿಸುತ್ತಿದ್ದ ಡ್ರೈವರ್ ಸಾಫ್ಟ್‌ವೇರನ್ನು ಸೇಫ್ ಮೋಡಿನಲ್ಲಿ ಡಿಡಿಯು ಅನ್ನುವ ಟೂಲ್ ಹಾಕಿ ಪೂರ್ತಿ ಗುಡಿಸಿದೆ. ಸೈಬರ್‌ಪಂಕ್ 28 ಇದ್ದದ್ದು ಹೈ ಸೆಟ್ಟಿಂಗಿನಲ್ಲೇ 55 ಬಂತು. ನಾನು ಸುಮಾರು ಹೊತ್ತು ಏನೂ ಮಾಡದೆ ರಸ್ತೆಯ ನೀರಿನಲ್ಲಿ ಕಾಣುವ ಬೋರ್ಡ್ ಬೆಳಕು ನೋಡುತ್ತಾ ಓಡಾಡಿದೆ.

ಕೌಂಟರ್-ಸ್ಟ್ರೈಕಿನಲ್ಲಿ ಮಾತ್ರ ಬರೀ 140. ಮೂಲೆ ನೋಡಿದರೆ ಕಾರ್ಡ್ 60 ಪರ್ಸೆಂಟ್. ಮತ್ತೆ ಕೈಕಟ್ಟಿಕೊಂಡು ಕೂತಿದೆ! ಈ ಸಲ ರ‍್ಯಾಮ್ ತುಂಬಿಲ್ಲ, ಡಿಸ್ಕ್ ಸುಮ್ಮನಿದೆ. ಕಾಯುತ್ತಿರುವುದು ಪ್ರೊಸೆಸರಿಗೆ. ಅಪ್ಪನಿಗೆ ಹೇಳಿದರೆ "ಮೋಟಾರ್ ದೊಡ್ಡದು ಮಾಡ್ದೆ, ಈಗ ಪೈಪು ಸಣ್ಣದಾಯ್ತು" ಅಂದು ಪೇಪರ್ ಮಗುಚಿದರು.

ಇಲ್ಲಿ ನನ್ನ ಬೋರ್ಡಿನ ಪುಣ್ಯ. ಅದರಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ಗೆ 2017ರ ಮೊದಲ ರೈಜನ್‌ನಿಂದ ಹಿಡಿದು 5000 ಸರಣಿಯವರೆಗೆ ಬಂದಿದೆ. 2020ರ ಮೇ ತಿಂಗಳಲ್ಲಿ ರೈಜನ್ ಮಾಡುವ ಎಎಂಡಿಯವರು ಬಿ450ಗೆ ಮುಂದಿನ ಪ್ರೊಸೆಸರ್ ಹೊಂದುವುದಿಲ್ಲ ಅಂದಿದ್ದರು. ಜನ ಗಲಾಟೆ ಮಾಡಿದರು, ಅದೇ ತಿಂಗಳಲ್ಲಿ ಮಾತು ಬದಲಾಯಿತು. ಆ ಗಲಾಟೆ ಮಾಡಿದವರಿಗೆಲ್ಲಾ ನನ್ನದೊಂದು ನಮಸ್ಕಾರ. ಹೊಸ ಎಎಂ5ಗೆ ಹೋಗಿದ್ದರೆ ಬೋರ್ಡೂ ಬೇಕು, ಡಿಡಿಆರ್5 ರ‍್ಯಾಮೂ ಬೇಕು, ಈಗ ತಾನೇ ತಂದ 3,600 ನೀರಿಗೆ. ಹಾಗಾಗಿ ರೈಜನ್ 5 5600, 11,200 ರೂಪಾಯಿ. ಗೇಮಿಗೆ ಅಂತಲೇ ಇರುವ ಎಕ್ಸ್‌3ಡಿ ಪ್ರೊಸೆಸರ್ ಮೇಲೆ ಕಣ್ಣು ಬಿದ್ದಿತ್ತು, ಕೈ ತಡೆದೆ.

ಹೊಸ ಪ್ರೊಸೆಸರನ್ನು ಬೋರ್ಡ್ ಗುರುತು ಹಿಡಿಯಬೇಕಾದರೆ ಬಯೋಸ್ ಅಪ್‌ಡೇಟ್ ಆಗಿರಬೇಕು, ಅದನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಬೇಕು. ನಡುವೆ ಕರೆಂಟ್ ಹೋದರೆ ಬೋರ್ಡ್ ಇಟ್ಟಿಗೆ. ಆವತ್ತು ಸಂಜೆ ನಾಲ್ಕಕ್ಕೇ ಮೋಡ ಕಟ್ಟಿತ್ತು. ನಮ್ಮ ಮನೆಯಲ್ಲಿ ಇನ್ವರ್ಟರ್ ಲೈನ್ ಇರುವ ಪ್ಲಗ್ ಒಂದೇ, ಹಾಲಿನಲ್ಲಿ, ಟಿವಿ ಪಕ್ಕ. ಕ್ಯಾಬಿನೆಟ್ ಹೊತ್ತು ತಂದು, ಟಿವಿಯನ್ನೇ ಮಾನಿಟರ್ ಮಾಡಿ, ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಸಿಕ್ಕಿಸಿದೆ.

"ಅಮ್ಮಾ, ಐದು ನಿಮಿಷ ಮಿಕ್ಸಿ ಹಾಕಬೇಡ!"

"ಚಟ್ನಿ?"

"ಐದೇ ನಿಮಿಷ!"

ಅಮ್ಮನ ಸೀರಿಯಲ್ ಬರುವ ಟಿವಿಯಲ್ಲಿ ಪರ್ಸೆಂಟ್ ಏರುತ್ತಾ ಹೋಯಿತು. 40ರ ಹತ್ತಿರ ಗುಡುಗಿತು. ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು, ಮ್ಯಾಚಿನ ಕೊನೇ ಓವರ್ ನೋಡುವ ಹಾಗೆ. ಆಯಿತು. ಕರೆಂಟ್ ಹೋದದ್ದು ಆಮೇಲೆ, ಊಟಕ್ಕೆ ಕೂತಾಗ.

ಮರುದಿನ ಬೆಳಿಗ್ಗೆ ಆದದ್ದು ಪೂರ್ತಿ ನನ್ನ ತಪ್ಪು. ಕೂಲರ್ ತೆಗೆಯುವ ಮುಂಚೆ ಸ್ವಲ್ಪ ಹೊತ್ತು ಗೇಮ್ ಓಡಿಸಿ ಬಿಸಿ ಮಾಡಬೇಕು, ಆಗ ನಡುವಿನ ಥರ್ಮಲ್ ಪೇಸ್ಟ್ ಮೆತ್ತಗಾಗುತ್ತದೆ, ಆಮೇಲೆ ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಬೇಕು. ಇದು ನನಗೆ ಗೊತ್ತಿತ್ತು. ರಾತ್ರಿಯೆಲ್ಲಾ ತಣ್ಣಗೆ ಮಲಗಿದ್ದ ಪಿಸಿಯ ನಾಲ್ಕು ಸ್ಕ್ರೂ ಬಿಚ್ಚಿದೆ. ಹಿಂದಿನ ಲೋಹದ ಪ್ಲೇಟ್ ಠಣ್ ಅಂತ ಬಿತ್ತು. ಆ ಗಾಬರಿಯಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದೆ.

ಟಕ್.

ಸಾಕೆಟ್ ಖಾಲಿ. ಲಿವರ್ ಹಾಕಿದ ಹಾಗೇ ಇದೆ, ಪ್ರೊಸೆಸರ್ ಕೂಲರ್ ತಳಕ್ಕೆ ಅಂಟಿಕೊಂಡು ಕಿತ್ತು ಬಂದಿದೆ. ಎಎಂ4ನಲ್ಲಿ ಪಿನ್ನು ಇರುವುದು ಪ್ರೊಸೆಸರಿಗೇ, 1331. ಬೆಳಕಿಗೆ ಓರೆ ಹಿಡಿದರೆ ಗದ್ದೆಯ ಸಾಲಿನ ಹಾಗೆ ನೇರ ಕಾಣಬೇಕು. ಒಂದು ಮೂಲೆಯಲ್ಲಿ ನಾಲ್ಕು ಪಿನ್ ಮಲಗಿತ್ತು. ಈ ಪ್ರೊಸೆಸರನ್ನು 3,000ಕ್ಕೆ ಕೊಡುತ್ತೇನೆ ಅಂತ ಒಬ್ಬ ಹುಡುಗನಿಗೆ ಆಗಲೇ ಮಾತು ಕೊಟ್ಟಿದ್ದೆ.

ಅಪ್ಪ ಬೈಯಲಿಲ್ಲ. ನನ್ನ ಹೇರ್ ಡ್ರೈಯರ್ ಕೇಳಿದರು. ವೈಂಡಿಂಗಿನ ವಾರ್ನಿಷ್ ಬಿಡಿಸುವವರಿಗೆ ಇದೇನು ಮಹಾ, ಎರಡು ನಿಮಿಷ ಬಿಸಿ ಗಾಳಿ ಕೊಟ್ಟು, ಮೆಲ್ಲಗೆ ತಿರುಚಿ ಪ್ರೊಸೆಸರ್ ಬಿಡಿಸಿದರು. ಆಮೇಲೆ ಕಿಟಕಿ ಹತ್ತಿರ ಕೂತು, ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಕಡ್ಡಿ ತೆಗೆದ 0.5ರ ಕ್ಲಿಕ್ ಪೆನ್ಸಿಲ್. ಅದರ ಖಾಲಿ ತುದಿಯನ್ನು ಬಾಗಿದ ಪಿನ್ನಿಗೆ ಟೋಪಿಯ ಹಾಗೆ ಹಾಕಿ, ಒಂದು ಕೂದಲಷ್ಟು ಎತ್ತುವುದು, ತೆಗೆಯುವುದು, ನೋಡುವುದು, ಮತ್ತೆ ಹಾಕುವುದು. "ಒಂದೇ ಸಲಕ್ಕೆ ನೆಟ್ಟಗೆ ಮಾಡಕ್ಕೆ ಹೋದ್ರೆ ಬುಡದಲ್ಲಿ ಮುರಿಯುತ್ತೆ." ಅರವತ್ತೆಂಟು ವರ್ಷದ ಕೈ, ಕಾಫಿ ಲೋಟ ಹಿಡಿದರೆ ಸ್ವಲ್ಪ ನಡುಗುತ್ತದೆ. ಆವತ್ತು ನಡುಗಲಿಲ್ಲ. ನಾಲ್ಕು ಪಿನ್ನಿಗೆ ನಲವತ್ತು ನಿಮಿಷ.

ಹೊಸದನ್ನು ಹಾಕುವ ಮುಂಚೆ ಹಳೆಯದನ್ನೇ ಮತ್ತೆ ಹಾಕಿ ನೋಡಿದೆ. ದುಡ್ಡು ಕೊಡುವ ಹುಡುಗನಿಗೆ ಕೆಟ್ಟದ್ದು ಕೊಡಬಾರದಲ್ಲ. ಒತ್ತದೆ, ತನ್ನ ಭಾರಕ್ಕೆ ತಾನೇ ಸಾಕೆಟ್ಟಿನೊಳಗೆ ಇಳಿಯಿತು. ಆನ್ ಆಯಿತು. ಈ ಸಲ ಹದಿನೈದು ನಿಮಿಷ ಗೇಮ್ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ತಿರುಚಿ ತೆಗೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅವನಿಗೆ ಪಿನ್ ಬಾಗಿದ ಕಥೆಯನ್ನೂ ಹೇಳಿಯೇ ಕೊಟ್ಟೆ.

5600 ಹಾಕಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಬೀಗದ ಕೀಗಳನ್ನು ಇಟ್ಟುಕೊಳ್ಳುವ ಭಾಗ) ರೀಸೆಟ್ ಮಾಡಬೇಕಾ, ವೈ ಒತ್ತು ಇಲ್ಲಾ ಎನ್ ಒತ್ತು ಅಂತ. ಇದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ, ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಇಲ್ಲದೆ ವೈ ಒತ್ತಬೇಡಿ, ಇಡೀ ಡಿಸ್ಕ್ ಬಾಗಿಲು ಹಾಕಿಕೊಳ್ಳುತ್ತದೆ. ಪಿಸಿ ಬಿಚ್ಚುವ ಮುಂಚೆಯೇ ಆ ಕೀ ಬರೆದಿಟ್ಟುಕೊಳ್ಳಿ. ನನ್ನದರಲ್ಲಿ ಬಿಟ್‌ಲಾಕರ್ ಇರಲಿಲ್ಲ, ವೈ ಒತ್ತಿದೆ. ಬಯೋಸ್ ಹೊಸದಾದ್ದರಿಂದ ಎಕ್ಸ್‌ಎಂಪಿ ಮತ್ತೆ ಆಫ್ ಆಗಿತ್ತು, ಅದನ್ನೂ ಆನ್ ಮಾಡಿದೆ. ಈ ಸಲ ಮರೆಯಲಿಲ್ಲ.

ಕೌಂಟರ್-ಸ್ಟ್ರೈಕ್ 240ರ ಆಸುಪಾಸು, ಒನ್ ಪರ್ಸೆಂಟ್ ಲೋ 115. ಸೈಬರ್‌ಪಂಕ್ 62. ನನ್ನ ಮಾನಿಟರ್ 75 ಹರ್ಟ್ಸಿನದು, 240 ಬಂದರೂ ಅದು ತೋರಿಸುವುದು 75 ಮಾತ್ರ ಅಂತ ತಮ್ಮ ಕಾಲೆಳೆದ. ಸರಿಯೇ. ಆದರೆ ನನಗೆ ಬೇಕಿದ್ದದ್ದು ಆ 115. ಎಷ್ಟೇ ಹೊಗೆ ಬರಲಿ, 75ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಾನಿಟರಿಗೆ ಸದ್ಯಕ್ಕೆ ದುಡ್ಡಿಲ್ಲ. ಒಟ್ಟು 46,300 ಆಯಿತು, ಹಳೇ ಕಾರ್ಡ್ 4,500, ಪ್ರೊಸೆಸರ್ 3,000 ವಾಪಸ್ ಬಂತು, ಕೈಬಿಟ್ಟದ್ದು 38,800. ಅಮ್ಮನಿಗೆ ಹೇಳಿದ ಲೆಕ್ಕ ಬೇರೆ.

ಹಳೇ ಎಸ್‌ಎಂಪಿಎಸ್ ಮಾರಲಿಲ್ಲ, ಮಾರುವಂಥದ್ದೂ ಅಲ್ಲ. ಎರಡು ದಿನ ಹಾಗೇ ಬಿಟ್ಟು, ಕೆಪಾಸಿಟರ್‌ಗಳಲ್ಲಿ ಏನೂ ಉಳಿದಿಲ್ಲ ಅಂತ ಮೀಟರಿನಲ್ಲಿ ನೋಡಿಕೊಂಡು, ಅಪ್ಪ ಅದನ್ನು ಪೇಪರ್ ಹಾಸಿ ಬಿಚ್ಚಿದರು. ನೀವು ಮಾಡಬೇಡಿ, ಅದರೊಳಗೆ ಇನ್ನೂರರ ಮೇಲೆ ವೋಲ್ಟ್ ಕೂತಿರುತ್ತದೆ. ಬೋರ್ಡಿನಲ್ಲಿ ಕಾಯಿಲ್ ಇರಬೇಕಾದ ಜಾಗಗಳು ಖಾಲಿ. ಗುರುತು ಮಾತ್ರ ಅಚ್ಚಾಗಿದೆ, ಅಲ್ಲಿ ಒಂದೊಂದು ತಂತಿ ಬೆಸೆದು ಕೈತೊಳೆದುಕೊಂಡಿದ್ದಾರೆ. ಅಪ್ಪ ಒಂದೊಂದನ್ನೂ ಸ್ಕ್ರೂಡ್ರೈವರ್ ತುದಿಯಿಂದ ತೋರಿಸುತ್ತಾ "ಇಲ್ಲಿ ಕದ್ದಿದಾರೆ, ಇಲ್ಲಿ ಕದ್ದಿದಾರೆ" ಅಂತ ಎಣಿಸಿದರು. ಫ್ಯಾನ್ ಮಾತ್ರ ಚೆನ್ನಾಗಿತ್ತು. ಅದೀಗ ಹಳೇ ಮೋಡೆಮ್ಮಿನ 12 ವೋಲ್ಟ್ ಅಡಾಪ್ಟರ್ ಹಾಕಿಕೊಂಡು ಅವರ ಸೋಲ್ಡರಿಂಗ್ ಮೇಜಿನ ಮೇಲೆ ತಿರುಗುತ್ತದೆ, ಬೆಸುಗೆಯ ಹೊಗೆಯನ್ನು ಕಿಟಕಿ ಕಡೆ ತಳ್ಳಿಕೊಂಡು.